ಏಳು ತೂತಿನ ಪಟ್ಟಿ

ಮಗು ಕಿರುಚಿಕೊಂಡಾಗ ಬಸ್ಸು ಆಸ್ಪತ್ರೆಯಿಂದ ಮೂರು ಸ್ಟಾಪು ಹಿಂದಿತ್ತು. ಮಗುವಿನ ಕೈಯಲ್ಲಿದ್ದ ಬನ್ನು ಮಾಯ. ಎರಡು ಬೆರಳ ಮೇಲೆ ರಕ್ತ. ಕೆಳಗೆ, ಸೀಟುಗಳ ನಡುವಿನ ದಾರಿಯಲ್ಲಿ, ಕಣ್ಣು ಕಾಣದ ಹೆಂಗಸೊಬ್ಬಳ ನಾಯಿ ಬನ್ನಿನ ಕೊನೆಯ ತುಂಡನ್ನು ನುಂಗುತ್ತಿತ್ತು.

ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಹೆಂಗಸನ್ನೂ ನಾಯಿಯನ್ನೂ ನಡುರಸ್ತೆಯಲ್ಲೇ ಇಳಿಸಿದ. ಆಕೆ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ದಾರಿಹೋಕರನ್ನು ಕೇಳಿಕೊಂಡು ಅಲ್ಲಿಗೆ ತಲುಪುವಷ್ಟರಲ್ಲಿ ನಲವತ್ತು ನಿಮಿಷ ತಡವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕಂಡಕ್ಟರನ ದೂರು ನನ್ನ ಮೇಜಿಗೆ ಬಂತು. ಅದೇ ನಾಯಿಯ ಮೇಲೆ ಮೂರು ವಾರದಲ್ಲಿ ಮೂರನೆಯ ದೂರು.

ನಾನು ಬಸ್ ಕಂಪನಿಯ ದೂರು ವಿಭಾಗದ ಗುಮಾಸ್ತ. ನನಗೂ ನಾಯಿಗಳಿಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ ಸಂಬಂಧ. ಕಣ್ಣು ಕಾಣದವರಿಗೆ ದಾರಿ ತೋರಿಸುವ ಸಹಾಯಕ ನಾಯಿಗಳಿಗೆ ಬಸ್ಸಿನಲ್ಲಿ ಅನುಮತಿ ಕೊಟ್ಟ ದಿನವೇ 'ಇನ್ನೇನು, ನಾಳೆ ಎಮ್ಮೆ ಹತ್ತುತ್ತೆ' ಎಂದು ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಗಿಸಿದ್ದೆ. ಹಾಗಾಗಿ ಹೆಚ್ಚು ಯೋಚಿಸದೆ ಆಜ್ಞೆಯ ಕರಡು ಟೈಪು ಮಾಡಿದೆ: ಸದರಿ ನಾಯಿಯ ಪ್ರಯಾಣದ ಅನುಮತಿಯನ್ನು ರದ್ದುಪಡಿಸಲಾಗಿದೆ. ಅನುಮತಿ ಹೋದರೆ ನಾಯಿಯನ್ನು ಕೊಟ್ಟ ತರಬೇತಿ ಶಾಲೆಯವರು ಅದನ್ನು ವಾಪಸು ಕರೆದೊಯ್ಯುತ್ತಾರೆ, ಇನ್ನೊಂದನ್ನು ಕೊಡುವುದಿಲ್ಲ. ಆಕೆ ಮತ್ತೆಂದೂ ಒಬ್ಬಳೇ ಮನೆಯ ಹೊಸಿಲು ದಾಟುವಂತಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಟೈಪು ಮಾಡಿದೆ. ವಿಚಾರಣಾಧಿಕಾರಿಯ ಸಹಿ ಒಂದೇ ಬಾಕಿ.

ವಿಚಾರಣಾಧಿಕಾರಿ ಎಂದರೆ ಜರಡಿ ಮೇಡಂ. ಆ ಹೆಸರಿಟ್ಟವರು ಡ್ರೈವರುಗಳು. ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿದವರು. ಟಿಕೆಟಿಲ್ಲದವನನ್ನು ಅವನು ಕಿಟಕಿಯಾಚೆ ನೋಡುವ ರೀತಿಯಿಂದಲೇ ಹಿಡಿಯುತ್ತಿದ್ದರಂತೆ. ಅವರು ಮೂರೂ ದೂರುಗಳನ್ನು ಮೇಜಿನ ಮೇಲೆ ಹರಡಿದರು. ಮೊದಲನೆಯದರಲ್ಲಿ ನಾಯಿ ಒಬ್ಬರ ಊಟದ ಚೀಲಕ್ಕೆ ಮೂತಿ ಹಾಕಿತ್ತು. ಎರಡನೆಯದರಲ್ಲಿ ಬಿಸ್ಕತ್ತಿಗೆ ಜಿಗಿದು ಯಜಮಾನಿಯನ್ನೇ ಕೆಡವಿತ್ತು. ಮೂರನೆಯದರಲ್ಲಿ ರಕ್ತ.

"ಈ ನಾಯಿ ಬಸ್ ಹತ್ತೋಕೆ ಶುರು ಮಾಡಿ ಎಷ್ಟು ದಿನ ಆಯ್ತು?"

"ಹನ್ನೊಂದು ತಿಂಗಳು."

"ಮೊದಲ ಹತ್ತು ತಿಂಗಳಲ್ಲಿ ಎಷ್ಟು ದೂರು?"

"ತಿಂಡಿಯ ವಿಷಯಕ್ಕೆ ಒಂದೂ ಇಲ್ಲ. ಆದ್ರೆ ನಾಯಿ ಬಾಲ ಡೊಂಕು ಅಲ್ವಾ ಮೇಡಂ?"

"ಹತ್ತು ತಿಂಗಳು ನೆಟ್ಟಗಿತ್ತಲ್ರೀ," ಎಂದರು. ಸಹಿ ಹಾಕಲಿಲ್ಲ. ವಿಚಾರಣೆಯನ್ನು ಶುಕ್ರವಾರಕ್ಕೆ ಇಟ್ಟು, ನನ್ನನ್ನು ಎಬ್ಬಿಸಿಕೊಂಡು ಹೊರಟರು.

ಕಂಡಕ್ಟರ್ ಡಿಪೋದ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. ಮುಚ್ಚುಮರೆ ಇರಲಿಲ್ಲ ಅವನಲ್ಲಿ. ಆ ನಾಯಿಯನ್ನು ಕಂಡರೆ ತನಗಾಗದು ಎಂದ. ಮೊದಲ ವಾರ ಅದನ್ನು ಮೆಟ್ಟಿಲಲ್ಲೇ ತಡೆದಿದ್ದನಂತೆ. ಆಕೆ ದೂರು ಕೊಟ್ಟಳು. ಇವನು ಬಸ್ಸಿನ ತುಂಬ ಜನರೆದುರು ಕ್ಷಮೆ ಕೇಳಬೇಕಾಯಿತು. ಹಾಗಾದರೆ ನೀನೇ ಏನಾದರೂ ತಿನ್ನಿಸಿ ಕೆಡಿಸಿದೆಯಾ ಎಂದು ಮೇಡಂ ಕೇಳಿದಾಗ ಅವನಿಗೆ ನಗು ಬಂತು. ಅದರ ಹತ್ತಿರ ಹೋಗಲೇ ತನಗೆ ಹೆದರಿಕೆ ಎಂದ.

"ಮೊದಲು ಆಯಮ್ಮನ್ನ ಅವರ ಯಜಮಾನರೇ ಕರ್ಕೊಂಡು ಬರ್ತಿದ್ರು ಮೇಡಂ. ಎಂಟು ವರ್ಷ, ಒಂದು ದಿನ ತಪ್ಪಿಸದೆ. ಅವರು ಹತ್ತಿದ್ರೆ ಜನ ತಾವಾಗೇ ಎದ್ದು ಸೀಟು ಬಿಡೋರು. ಅಂಥ ಗಂಡ ಇರುವಾಗ ಈ ನಾಯಿ ಯಾಕೆ ಬೇಕಿತ್ತು, ಹೇಳಿ."

ನಿವೃತ್ತ ಮೇಷ್ಟ್ರೊಬ್ಬರು ದಿನವೂ ಅದೇ ಬಸ್ಸಿನಲ್ಲಿ, ಆಕೆಯ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದರು. ಅವರ ಜುಬ್ಬದ ಜೇಬು ತಡವಿದರೆ ಬಿಸ್ಕತ್ತಿನ ಪುಡಿ. ನನಗೆ ಮೈ ಜುಮ್ಮೆಂದಿತು: ಕಳ್ಳ ಸಿಕ್ಕ! ಮೇಷ್ಟ್ರ ಮುಖ ಕೆಂಪಾಯಿತು. ಬಿಸ್ಕತ್ತು ಮೊಮ್ಮಕ್ಕಳಿಗೆ ಎಂದರು. ಆಮೇಲೆ, ಹೌದು, ಮೊದಲ ವಾರ ನಾಯಿಗೂ ಒಮ್ಮೆ ಕೊಡಲು ಹೋಗಿದ್ದೆ ಎಂದು ಒಪ್ಪಿಕೊಂಡರು. ಎದೆಗೆ ಬಿಗಿಯುವ ಪಟ್ಟಿ ಹಾಕಿದ ಮೇಲೆ ನಾಯಿ ಕೆಲಸದಲ್ಲಿರುತ್ತದೆ, ಡ್ಯೂಟಿಯಲ್ಲಿರುವ ಪೊಲೀಸರಿಗೆ ಬಿಸ್ಕತ್ತು ತಿನ್ನಿಸುತ್ತೀರಾ ಎಂದು ಆಕೆ ಕೇಳಿದ್ದಳಂತೆ. ಅಂದಿನಿಂದ ಮುಟ್ಟಿಲ್ಲ ಎಂದರು. ನಾನು ನಂಬಲಿಲ್ಲ.

ಆಕೆಯ ಮನೆ ಎರಡನೇ ಮಹಡಿಯಲ್ಲಿ, ಎರಡೇ ಕೋಣೆ. ಬಾಗಿಲು ತೆರೆದವನು ಗಂಡ. ಬಾಚಣಿಗೆ, ಚಮಚ, ಚಪ್ಪಲಿ, ಎಲ್ಲವೂ ಆಕೆಯ ಕೈಗೆ ಸಿಗುವಂತೆ ಸಾಲಾಗಿ ಇದ್ದವು. ಗೋಡೆಯ ಮೇಲೆ ಯಾವುದೋ ಸಂಘದವರು ಕೊಟ್ಟ 'ಆದರ್ಶ ಪತಿ' ಎಂಬ ಚೌಕಟ್ಟು. ಒಂಬತ್ತು ವರ್ಷದ ಹಿಂದೆ ಆಕೆ ಕೋಲು ಹಿಡಿದು ರಸ್ತೆ ದಾಟಲು ಹೋಗಿ ಮೊಣಕೈ ಮುರಿದುಕೊಂಡಿದ್ದಳು. ಅಂದೇ ಈತ ಪ್ರೆಸ್ಸಿನ ಬೈಂಡಿಂಗ್ ಕೆಲಸ ಬಿಟ್ಟು, ಆಕೆಯನ್ನು ಬಿಡುವುದು ಕರೆತರುವುದನ್ನೇ ಕೆಲಸ ಮಾಡಿಕೊಂಡ. ನಮಗೆ ಚಹಾ ಮಾಡಿ ತಂದುಕೊಟ್ಟವನೂ ಅವನೇ. ಒಳ್ಳೆಯ ಮನುಷ್ಯ ಎಂದುಕೊಂಡೆ.

ನಾಯಿಯ ಪಟ್ಟಿ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಚರ್ಮದ್ದು. ಎದೆಗೊಂದು ಸುತ್ತು, ಅದಕ್ಕೆ ಬಕಲ್ಲು. ಹೊಟ್ಟೆಯ ಕೆಳಗೊಂದು ಕ್ಲಿಪ್ಪು. ಬೆನ್ನ ಮೇಲೆ ಆಕೆ ಹಿಡಿಯುವ ಗಟ್ಟಿ ಹಿಡಿ. ಎದೆಯ ಬಕಲ್ಲನ್ನು ಒಮ್ಮೆ ಅಳತೆಗೆ ಕೂರಿಸಿದರೆ ಮತ್ತೆ ಮುಟ್ಟಬೇಕಿಲ್ಲ. ದಿನವೂ ಹಾಕಿ ಬಿಚ್ಚುವುದು ಕ್ಲಿಪ್ಪು ಮಾತ್ರ ಎಂದು ಆಕೆ ವಿವರಿಸಿದಳು.

ಮೇಡಂ ಪ್ರಶ್ನೆ ಶುರು ಮಾಡಿದರು. ಊಟ ಹಾಕುವವರು ಯಾರು? ನಾನೇ, ಸಂಜೆ, ಪಟ್ಟಿ ಬಿಚ್ಚಿದ ಮೇಲೆ. ಬೆಳಗ್ಗೆ ಹೊರಗೆ ಬಿಡುವವರು? ನಾನು ಏಳುವುದರೊಳಗೆ ಇವರು ಕರೆದೊಯ್ಯುತ್ತಾರೆ, ಬರೀ ಹಗ್ಗ ಹಾಕಿ. ಪಟ್ಟಿ ಹಾಕುವವರು? ನಾನೊಬ್ಬಳೇ. ನಾನು ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ ಆಕೆ ನಾಯಿಯ ಬೆನ್ನು ಸವರುತ್ತಾ ಹೇಳಿದಳು:

"ನಮ್ಮ ಮರಿ ಸೊರಗಿಹೋಗಿದೆ ಮೇಡಂ. ಎಲ್ಲರ ಬೈಗುಳ ತಿಂದು ತಿಂದು. ಈಗೀಗ ದಿನಾ ಬೆಳಗ್ಗೆ ಎದೆ ಪಟ್ಟಿ ಸಡಿಲ ಆಗಿರತ್ತೆ, ಎರಡು ತೂತು ಬಿಗಿ ಮಾಡ್ತೀನಿ."

ಅದನ್ನು ನಾನು ಬರೆದುಕೊಳ್ಳಲಿಲ್ಲ. ನನ್ನ ಕಣ್ಣಿಗೆ ನಾಯಿ ಗುಂಡಗೇ ಇತ್ತು. ಸಾಕಿದವರ ಕರುಳು ಎಂದು ಬಿಟ್ಟುಬಿಟ್ಟೆ.

ಮೇಡಂ ಚೀಲದಿಂದ ಬನ್ನೊಂದನ್ನು ತೆಗೆದು ನಾಯಿಯ ಮೂಗಿನ ಮುಂದೆ ಹಿಡಿದರು. ನಾಯಿ ಮೂಸಿ, ಮುಖ ತಿರುಗಿಸಿ ಮಲಗಿತು. ಆಮೇಲೆ ಪಟ್ಟಿ ಹಾಕಲು ಹೇಳಿದರು. ಆಕೆ ಪಟ್ಟಿ ಹಿಡಿದದ್ದೇ ತಡ, ನಾಯಿ ತಾನೇ ತಲೆ ತಗ್ಗಿಸಿ ತೂರಿಸಿತು. ಕ್ಲಿಪ್ಪು ಕ್ಲಿಕ್ಕೆಂದಿತು. ಮೇಡಂ ಮತ್ತೆ ಬನ್ನು ಹಿಡಿದರು — ನಾಯಿ ಜಿಗಿಯಿತು. ಬಾಯಲ್ಲಿ ಜೊಲ್ಲು. ಬೆರಳು ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಆಕೆಯ ಮುಖ ಬಿಳಿಚಿಕೊಂಡಿತು.

"ನೋಡಿದ್ರಾ?" ಎಂದ ಗಂಡ. "ಪಟ್ಟಿ ಹಾಕಿದಾಗ ತಿನ್ನಿಸಿ ಯಾರೋ ಅಭ್ಯಾಸ ಮಾಡಿಸಿದ್ದಾರೆ. ಪಟ್ಟಿ ಹಾಕಿದ ನಾಯಿ ಸಿಗೋದು ಬಸ್ಸಿನೋರಿಗೆ ತಾನೆ?"

ಸರಿಯಾದ ಮಾತು ಎಂದರು ಮೇಡಂ. ಮೆಟ್ಟಿಲಿಳಿಯುವಾಗ ನಾನು, ಮೇಷ್ಟ್ರೇ ಇರಬೇಕು ಎಂದೆ. ಅವರು ಬೀದಿಯ ಕೊನೆಯ ಬೇಕರಿಯೊಳಗೆ ಹೋಗಿ, ಹತ್ತು ನಿಮಿಷ ಬಿಟ್ಟು ಬರಿಗೈಯಲ್ಲಿ ಬಂದರು.

ಶುಕ್ರವಾರ ಡಿಪೋ ಮ್ಯಾನೇಜರರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮಗುವಿನ ತಾಯಿ, ಕಂಡಕ್ಟರ್, ಮೇಷ್ಟ್ರು, ಗಂಡ ಹೆಂಡತಿ, ಆಕೆಯ ಕಾಲ ಬಳಿ ನಾಯಿ. ಪಟ್ಟಿ ಮೇಜಿನ ಮೇಲಿತ್ತು. ಮೇಡಂ ಗಂಡನ ಕಡೆ ತಿರುಗಿದರು.

"ನೀವೇ ಒಂದ್ಸಲ ಪಟ್ಟಿ ಹಾಕಿ ನೋಡೋಣ."

"ನನಗೆ ಬರಲ್ಲ ಮೇಡಂ. ಅದು ಇವಳ ಕೆಲಸ. ನಾನು ಮುಟ್ಟಿದೋನೇ ಅಲ್ಲ."

"ಬಂದಷ್ಟು ಹಾಕಿ."

ಆತ ಎದ್ದ. ಪಟ್ಟಿಯನ್ನು ಕೈಗೆತ್ತಿಕೊಂಡ. ನಾಯಿ ಅವನಿಗೆ ತಲೆ ತಗ್ಗಿಸಲಿಲ್ಲ. ಆಗ ಅವನ ಬೆರಳುಗಳು ತಮ್ಮಷ್ಟಕ್ಕೆ ಎದೆಯ ಬಕಲ್ಲಿಗೆ ಹೋದವು. ಎರಡು ತೂತು ಸಡಿಲಿಸಿದವು. ತಲೆಯ ಮೇಲಿಂದ ಸಲೀಸಾಗಿ ಇಳಿಸಿದವು. ಕ್ಲಿಪ್ಪು ಕ್ಲಿಕ್ಕೆಂದದ್ದೇ ನಾಯಿ ಎದ್ದು ಅವನ ಬಲಜೇಬಿಗೆ ಮೂತಿ ತೂರಿಸಿತು. ಬಾಲ ಮೇಜಿನ ಕಾಲಿಗೆ ಟಪಟಪ ಬಡಿಯತೊಡಗಿತು.

"ಯಾರ ಹತ್ರ ಹೋಯ್ತು?" ಎಂದು ಕೇಳಿದಳು ಆಕೆ.

ಕಂಡಕ್ಟರ್ ನೆಲ ನೋಡುತ್ತಿದ್ದ.

"ಹೇಳಿ. ಯಾರ ಹತ್ರ ಹೋಯ್ತು?"

"ನಿಮ್ಮ ಯಜಮಾನರ ಹತ್ರ," ಎಂದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ಕಷ್ಟದ ಮಾತನ್ನು ನಾನು ಆಡಿರಲಿಲ್ಲ.

ಮೇಡಂ ಹೇಳತೊಡಗಿದರು. "ನಮ್ಮ ಗುಮಾಸ್ತರು ಬರ್ಕೊಳ್ಳದೆ ಬಿಟ್ಟ ಮಾತು ಒಂದಿದೆ. ದಿನಾ ಎರಡು ತೂತು ಬಿಗಿ ಮಾಡ್ತೀನಿ ಅಂದ್ರಿ ನೀವು. ಆ ಪಟ್ಟಿಗೆ ಇರೋದೇ ಏಳು ತೂತು. ನಾಯಿ ನಿಜವಾಗಿ ಸೊರಗಿದ್ರೆ ನಾಲ್ಕನೇ ದಿನಕ್ಕೆ ತೂತೇ ಮುಗೀಬೇಕಿತ್ತು. ಮೂರು ವಾರವಾದ್ರೂ ಮುಗಿದಿಲ್ಲ ಅಂದ್ರೆ? ನೀವು ಬಿಗಿ ಮಾಡಿದ್ದನ್ನ ದಿನಾ ಯಾರೋ ಸಡಿಲ ಮಾಡ್ತಿದ್ದಾರೆ. ನಿಮಗಿಂತ ಮೊದಲೇ ಎದ್ದು, ನಾಯಿಗೆ ಪಟ್ಟಿ ಹಾಕ್ತಿದ್ದಾರೆ."

ಉಳಿದದ್ದನ್ನು ಬೇಕರಿಯವನು ಹೇಳಿದ್ದ. ಮೂರು ವಾರದಿಂದ ದಿನವೂ ಬೆಳಗ್ಗೆ ಎರಡು ಬನ್ನು. ಪಟ್ಟಿ ಹಾಕಿದ ನಾಯಿ, ಕೈಯಿಂದಲೇ ತಿನ್ನಿಸುವ ಯಜಮಾನ. ಎಷ್ಟು ಪ್ರೀತಿ ಎಂದು ಬೇಕರಿಯವನು ಮೆಚ್ಚಿಕೊಂಡಿದ್ದ. ಪಟ್ಟಿ ಎಂದರೆ ಕೆಲಸ ಎಂದು ಕಲಿತಿದ್ದ ನಾಯಿಗೆ ಈತ ಪಟ್ಟಿ ಎಂದರೆ ಬನ್ನು ಎಂದು ಕಲಿಸಿದ. ಮನೆಗೆ ಬಂದು ಪಟ್ಟಿಯನ್ನು ಮೊಳೆಗೆ ಸಿಕ್ಕಿಸುವಾಗ ಬಕಲ್ಲನ್ನು ಮೊದಲಿನ ತೂತಿಗೆ ತರಬೇಕೆಂದು ಹೊಳೆಯಲಿಲ್ಲ. ಕಣ್ಣಿದ್ದವರು ತೂತು ಎಣಿಸುವುದಿಲ್ಲ.

ಆತ ಕುರ್ಚಿಯಲ್ಲಿ ಕುಸಿದ. ನಾಯಿ ಇನ್ನೂ ಅವನ ಜೇಬು ಬಿಟ್ಟಿರಲಿಲ್ಲ.

"ಎಂಟು ವರ್ಷ ಕೈ ಹಿಡಿದು ನಡೆಸಿದೋನು ನಾನು," ಎಂದ. "ಈಗ ಸ್ಟಾಪಲ್ಲಿ ಸಿಕ್ಕಿದೋರೆಲ್ಲ ನಾಯಿ ಚೆನ್ನಾಗಿದೆಯಾ ಅಂತ ಕೇಳ್ತಾರೆ. ನೀವೀಗ ಏನ್ ಮಾಡ್ಕೊಂಡಿದ್ದೀರಿ ಅಂತ ನಗ್ತಾರೆ. ನಾನೇನು ಮಾಡ್ಲಿ? ಇದೊಂದು ಹೋದ್ರೆ ಎಲ್ಲಾ ಮೊದಲಿನ ಥರ ಆಗತ್ತೆ ಅಂದ್ಕೊಂಡೆ. ಮಗೂಗೆ ರಕ್ತ ಬರತ್ತೆ ಅಂತ ಗೊತ್ತಿರ್ಲಿಲ್ಲ."

ಆಕೆ ಅಳಲಿಲ್ಲ.

"ಬಸ್ಸಿಂದ ಇಳಿಸಿದ ದಿನ ನಾನು ಇದಕ್ಕೆ ಹೊಡೆದೆ, ರೀ," ಎಂದಳು. "ರಸ್ತೇಲಿ ನಿಂತು, ಹಗ್ಗದ ತುದೀಲಿ. ಎಲ್ಲಿ ಬೀಳ್ತಿದೆ ಅಂತ ಕೂಡ ನನಗೆ ಕಾಣ್ಲಿಲ್ಲ. ಇದು ಅಲ್ಲಾಡದೆ ನಿಂತಿತ್ತು. ಮನೆಗೆ ಬಂದು ನಿಮಗೆ ಹೇಳಿದೆ. ನೀವು, ಹೋಗ್ಲಿ ಬಿಡು, ಮೂಕಪ್ರಾಣಿ, ಅಂದ್ರಿ."

ಮೇಡಂ ನನ್ನ ಕರಡನ್ನು ಹರಿದು ಬುಟ್ಟಿಗೆ ಹಾಕಿದರು. ಅನುಮತಿ ಉಳಿಯಿತು. ಆದರೆ ಕಲಿತದ್ದನ್ನು ನಾಯಿ ಮರೆಯಬೇಕಲ್ಲ? ತರಬೇತಿ ಶಾಲೆಯವರು ಮೂರು ತಿಂಗಳಾದರೂ ಬೇಕು ಎಂದರು. ಸರಿಹೋದರೆ ವಾಪಸು, ಇಲ್ಲದಿದ್ದರೆ ಇಲ್ಲ. ಶನಿವಾರ ಅವರ ಗಾಡಿ ಬಂದು ನಾಯಿಯನ್ನು ಕರೆದೊಯ್ದಿತು. ಬಸ್ಸಿನೊಳಗೆ ತಾನು ನೋಡಿಕೊಳ್ಳುತ್ತೇನೆ ಎಂದು ಕಂಡಕ್ಟರ್ ತಾನಾಗಿಯೇ ಹೇಳಿದ. ಆದರೆ ಮನೆಯಿಂದ ಸ್ಟಾಪಿಗೆ ಎರಡು ದೊಡ್ಡ ರಸ್ತೆ ದಾಟಬೇಕು. ಆಸ್ಪತ್ರೆಯವರು ಮೂರು ದಿನದ ರಜೆ ಕೊಡುವುದೂ ಕಷ್ಟ, ಇನ್ನು ಮೂರು ತಿಂಗಳೆಲ್ಲಿ ಬಂತು! ಕರೆದೊಯ್ಯಲು ಊರಿಗೆಲ್ಲ ಬಿಡುವಾಗಿದ್ದವನು ಆ ಗಂಡನೊಬ್ಬನೇ. ಕಳ್ಳನನ್ನು ಹಿಡಿದು, ಕದ್ದ ಮಾಲನ್ನು ಅವನ ಕೈಗೇ ಕೊಟ್ಟು ಕಳಿಸಿದ ಹಾಗಾಯಿತು. ನನಗೆ ಮೈಯೆಲ್ಲ ಉರಿಯಿತು. ಮೇಡಂ ಮಾತ್ರ, ನಾವು ಹಿಡಿಯೋದು ಅಷ್ಟೇ ಕಣ್ರೀ, ಎಂದು ಮುಂದಿನ ಕಡತ ತೆಗೆದರು.

ಸೋಮವಾರ ಬೆಳಗ್ಗೆ ನಾನು ಬೇಕೆಂದೇ ಆ ಬಸ್ಸು ಹತ್ತಿದೆ. ಗಂಡ ಹೆಂಡತಿ ತಮ್ಮ ಸ್ಟಾಪಿನಲ್ಲಿ ಹತ್ತಿದರು. ಆಕೆಯ ಕೈ ಅವನ ಕೈಯಲ್ಲಿತ್ತು. ಇಬ್ಬರು ಎದ್ದು ಸೀಟು ಬಿಟ್ಟರು. ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಕಂಡಕ್ಟರ್ ಹಿಂದಕ್ಕೆ ಹೋದ. ಎಲ್ಲ ಗೊತ್ತಿದ್ದ ನಾವು ಮೂವರೂ ಬಾಯಿ ಮುಚ್ಚಿಕೊಂಡಿದ್ದೆವು.

ಎದುರು ಸೀಟಿನ ಹೆಂಗಸೊಬ್ಬಳಿಗೆ ಏನೂ ಗೊತ್ತಿರಲಿಲ್ಲ. ಅವಳು ಆಕೆಯ ಮೊಣಕಾಲು ಮುಟ್ಟಿ ಹೇಳಿದಳು: "ಪುಣ್ಯ ಮಾಡಿದ್ದೀಯಮ್ಮ. ಇಂಥ ಗಂಡ ಯಾರಿಗೆ ಸಿಗ್ತಾರೆ?"

ಆಕೆ ಮುಖವೆತ್ತಿದಳು. ಆಸ್ಪತ್ರೆಯಲ್ಲಿ ಫೋನೆತ್ತಿ ಮಾತಾಡುವ ಅದೇ ತಣ್ಣನೆಯ, ಸ್ಪಷ್ಟವಾದ ದನಿ. ಬಸ್ಸಿಗೆಲ್ಲ ಕೇಳಿಸಿತು.

"ನನ್ನ ನಾಯಿ ರಜೆಯಲ್ಲಿದೆ. ಇವರು ಬದಲಿಗೆ ಬಂದಿದ್ದಾರೆ."

ಆತ ಕೈ ಬಿಡಲಿಲ್ಲ. ಬಿಟ್ಟರೆ ಅವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ.