‘ಬೇ’ ಆದ ಮೇಲೆ

“ಇದನ್ನ ಓದಿ, ಸಹಿ ಹಾಕಿ,” ಎಂದು ಮೇಷ್ಟ್ರು ಕಾಗದ ಮುಂದಿಟ್ಟಾಗ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

ಟೈಲರ್ ಅವಳು. ಕಣ್ಣಳತೆಯಲ್ಲೇ ಬಟ್ಟೆಗೆ ಕತ್ತರಿ ಹಾಕುವ ಧೈರ್ಯಗಾತಿ. ಆದರೆ ಆ ಕಾಗದದಲ್ಲಿ ಅಕ್ಷರಗಳು ಡಬ್ಬಿಯಿಂದ ಚೆಲ್ಲಿದ ಗುಂಡಿಗಳ ಹಾಗೆ ದಿಕ್ಕಾಪಾಲಾಗಿದ್ದವು. ಕನ್ನಡಕ ಮರೆತು ಬಂದೆ ಎಂದುಬಿಟ್ಟಳು. ಕನ್ನಡಕ ಅವಳಿಗೆ ಇರಲೇ ಇಲ್ಲ!

ಮೇಷ್ಟ್ರು ಅವಳನ್ನೊಮ್ಮೆ ನೋಡಿದರು. ಆಮೇಲೆ ತಾವೇ ಓದಿ ಹೇಳಿದರು. ಅವಳು ಸಾಕುತ್ತಿರುವ ಅಕ್ಕನ ಮಗಳಿಗೆ ಓದುವಾಗ ಅಕ್ಷರ ತೊಡಕಾಗುವ ಡಿಸ್ಲೆಕ್ಸಿಯಾ ಇದೆ, ದಿನಾ ಸಂಜೆ ಒಂದು ಗಂಟೆ ಬೇರೆ ಪಾಠ ಬೇಕು. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು, ಶಾಲೆಯಲ್ಲಿ ಮತ್ತೊಂದು, ಅದಕ್ಕೇ ಮಗು ದಡ್ಡಿಯಾಯಿತು ಎಂದು ನೆಂಟರೆಲ್ಲ ಷರಾ ಬರೆದಾಗಿತ್ತು. ಭಾಷೆಗಳದ್ದೇನೂ ತಪ್ಪಿಲ್ಲ, ಇವಳಿಗೆ ಯಾವ ಭಾಷೆಯ ಅಕ್ಷರವಾದರೂ ಹೀಗೇ ಕೈಕೊಡುತ್ತದೆ, ನಿಧಾನವಾಗಿ ಕಲಿಸಿದರೆ ಕಲಿಯುತ್ತಾಳೆ ಎಂದರು ಮೇಷ್ಟ್ರು.

‘ಹಾಗಾದ್ರೆ... ನನಗೂ ಇದೇನಾ?’

ಅಂದಿನಿಂದ ಚಿಕ್ಕಮ್ಮನೂ ಪಾಠಕ್ಕೆ ಹಾಜರು. ಹಿಂದಿನ ಬೆಂಚಿನಲ್ಲಿ ಕೂತು ಕಾಜಾ ಹೊಲಿಯುವ ನೆಪ. ಮಗು ಮರಳಿನ ತಟ್ಟೆಯಲ್ಲಿ ಅಕ್ಷರ ಬರೆಯುತ್ತ ಅದರ ಸದ್ದು ಹೇಳಿದರೆ, ಇವಳ ಬೆರಳು ಮಡಿಲ ಬಟ್ಟೆಯ ಮೇಲೆ ಅದನ್ನೇ ಗೀಚುತ್ತಿತ್ತು. ಆರು ತಿಂಗಳಲ್ಲಿ ಮಗು ಓದತೊಡಗಿತು. ಚಿಕ್ಕಮ್ಮನಿಗೆ ಅಕ್ಷರ ಅರ್ಧಂಬರ್ಧ ಬಂತು, ಮೇಷ್ಟ್ರ ಮೇಲೆ ಪ್ರೀತಿ ಮಾತ್ರ ಪೂರ್ತಿ ಬಂತು.

ಅದರ ಬೆನ್ನಿಗೇ ಭಯ. ಓದು ಬಾರದವಳೆಂದು ತಿಳಿದ ದಿನ ಇವರು ನನ್ನ ಮುಖ ನೋಡುತ್ತಾರೆಯೇ?

ಒಂದು ಸಂಜೆ ಮೇಷ್ಟ್ರು ಮಗುವಿನ ಕೈಯಲ್ಲಿ ಚೀಟಿ ಕಳಿಸಿದರು. ಬಾಗಿಲು ಹಾಕಿಕೊಂಡು ಬಿಡಿಸಿದಳು. ಮೂರೇ ಪದ. ನೀವು... ನನಗೆ... ಮೂರನೆಯದರ ಮೇಲೆ ಕಣ್ಣು ಬಿದ್ದದ್ದೇ ಚೀಟಿ ಮಡಚಿಬಿಟ್ಟಳು.

ನೀವು ನನಗೆ ಬೇಡ.

‘ಗೊತ್ತಾಗಿಬಿಟ್ಟಿದೆ...’

ಮಾರನೆಯ ದಿನದಿಂದ ಮಗುವನ್ನು ಪಾಠಕ್ಕೆ ಪಕ್ಕದ ಮನೆಯವರ ಜೊತೆ ಕಳಿಸತೊಡಗಿದಳು. ತನ್ನ ಹೊಲಿಗೆ ಅಂಗಡಿ ಮುಂದೆ ಯಾರ ಚಪ್ಪಲಿ ಸದ್ದಾದರೂ ಒಳಗೆ ಸರಿದುಬಿಡುತ್ತಿದ್ದಳು. ಐದನೆಯ ದಿನ ಮೇಷ್ಟ್ರೇ ಬಂದರು. ಇಷ್ಟವಿಲ್ಲದಿದ್ದರೆ ಬಾಯಿಬಿಟ್ಟು ಹೇಳಿ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದರು.

ಅವಳ ದುಃಖ ಒತ್ತರಿಸಿ ಬಂತು. “ಬೇಡ ಅಂತ ಬರೆದವರು ನೀವೇ ಅಲ್ವಾ? ನನಗೆ ಓದೋಕೆ ಬರಲ್ಲ ಅಂತ ತಾನೇ?”

ಮೇಷ್ಟ್ರು ತಬ್ಬಿಬ್ಬಾದರು. ಚೀಟಿ ಎಲ್ಲಿ ಎಂದರು. ಅವಳು ಹೊಲಿಗೆ ಯಂತ್ರದ ಡ್ರಾಯರಿನಿಂದ ತೆಗೆದಳು.

“ಓದಿ.”

“ನನ್ನ ಕೈಲಾಗಲ್ಲ ಮೇಷ್ಟ್ರೇ...”

“ನಿಮಗೆ ಓದು ಕಷ್ಟ ಅಂತ ಮೊದಲ ದಿನವೇ ಗೊತ್ತು. ಹಿಂದಿನ ಬೆಂಚಲ್ಲಿ ಕೂತು ನೀವು ಕಲಿತಿರೋ ಅಕ್ಷರಗಳಲ್ಲೇ ಹುಡುಕಿ ಬರೆದಿದ್ದೀನಿ. ನಿಧಾನವಾಗಿ ಓದಿ.”

ಅವಳು ಬೆರಳಿಟ್ಟಳು. “ನೀ... ವು... ನ... ನ... ಗೆ... ಬೇ... ಡ.”

“ಹೆದರ್ಕೊಂಡು ಊಹೆ ಮಾಡ್ತಿದ್ದೀರಿ. ಅಲ್ಲಿರೋದನ್ನ ನೋಡಿ.”

ಕೊನೆಯ ಅಕ್ಷರದ ಮೇಲೆ ಬೆರಳು ಒಂದು ಸುತ್ತು ಹೋಯಿತು. ಕೆಳಗಿಳಿಯಿತು, ಬಲಕ್ಕೆ ಬಾಗಿತು.

“...ಕು.”

“ಸೇರಿಸಿ ಓದಿ.”

“ಬೇಕು,” ಎಂದಳು. ಕಣ್ಣು ತುಂಬಿ ಚೀಟಿಯೇ ಕಾಣದಾಯಿತು. “ನನಗೂ.”

“ಅದು ಚೀಟಿಯಲ್ಲಿಲ್ಲ,” ಎಂದರು ಮೇಷ್ಟ್ರು.

“ಗೊತ್ತು. ಅದು ನಾನು ಹೇಳ್ತಿರೋದು.”