ಉಲ್ಟಾ ತಿರುಗುವ ಮೋಟರ್

"ಮೇಡಂ, ಮೋಟರ್ ಮತ್ತೆ ಉಲ್ಟಾ ತಿರುಗ್ತಿದೆ."

ಫೋನಿನಲ್ಲಿ ಅವನ ದನಿ ಕೇಳಿದ್ದೇ ತಡ, ಮೂರನೇ ಮಹಡಿಯ ಡಿಸೈನ್ ಇಂಜಿನಿಯರ್ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಮೋಟರ್ ಕೈಕೊಟ್ಟಾಗ ಇಂಜಿನಿಯರ್ ಆದವಳು ಸರ್ಕ್ಯೂಟ್ ನೋಡಬೇಕು. ಇರಲಿ, ನಮಗೇಕೆ ಆ ಮಾತು.

ಇಂಡಕ್ಷನ್ ಮೋಟರಿಗೆ ಬೇಕಾದ ವೇಗಕ್ಕೆ ತಕ್ಕಂತೆ ಕರೆಂಟನ್ನು ಹದಮಾಡಿ ಕೊಡುವ ಪೆಟ್ಟಿಗೆಗೆ ಡ್ರೈವ್ ಎನ್ನುತ್ತಾರೆ. ಅದು ಅವಳ ಡಿಸೈನ್. ಕೆಳಗಿನ ಲ್ಯಾಬಿನಲ್ಲಿ ಅದನ್ನು ಟೆಸ್ಟ್ ಮಾಡುವವನು ಅವನು, ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಪುಕ್ಕಲ. ಡ್ರೈವಿನಿಂದ ಮೋಟರಿಗೆ ಮೂರು ವೈರ್. ಎರಡು ಅದಲುಬದಲಾದರೆ ಸಾಕು, ಮೋಟರ್ ಉಲ್ಟಾ. ಈ ಮಹಾಶಯನ ಕೈಯಲ್ಲಿ ಅವು ಆಗಾಗ ಅದಲುಬದಲಾಗುತ್ತಿದ್ದವು.

ಇವತ್ತಿನದು ಕೊನೆಯ ಟೆಸ್ಟ್. ನಾಳೆಯಿಂದ ಅವಳಿಗೆ ಬೇರೆ ಊರಿನ ಆಫೀಸು. ಇಂದು ಬಾಯಿ ಬಿಡದಿದ್ದರೆ ಅವಳು ಕೈತಪ್ಪಿದಂತೆಯೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಬಂದು ಬಗ್ಗಿ ನೋಡಿದಳು. ಅವನು ಅವಳ ಕೆನ್ನೆಗೆ ಜಾರಿದ ಕೂದಲನ್ನು ನೋಡಿದ, ಸಿಕ್ಕಿಬಿದ್ದ, ತಕ್ಷಣ ಮೀಟರ್ ನೋಡಿದ. ಮೀಟರ್ ಆಫ್ ಆಗಿತ್ತು.

"ಹಳದಿ ಜಾಗಕ್ಕೆ ನೀಲಿ ಹಾಕಿದೀರಿ."

"ಕಣ್ತಪ್ಪಿ ಆಯ್ತು. ನೀವು ಎದುರಿಗಿದ್ರೆ ಹಾಗಾಗುತ್ತೆ."

"ವೈರ್ ಹಾಕುವಾಗ ನಾನೆಲ್ಲಿದ್ದೆ?"

ಅವನು ಮೀಟರನ್ನು ಬದಿಗೆ ಸರಿಸಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಬೇಕಂತಲೇ ಹಾಕ್ತಿದ್ದೆ. ನೀವು ಕೆಳಗೆ ಬರ್ಲಿ ಅಂತ."

"ಗೊತ್ತು."

"ಗೊತ್ತಾ? ಮತ್ತೆ ಯಾಕೆ ಬೈಲಿಲ್ಲ?"

"ಅಲ್ಲ ರೀ, ದಿಕ್ಕು ಬದಲಾಯಿಸೋಕೆ ನಾನು ಬರೋದೇ ಬೇಕಿಲ್ಲ. ಮೇಲೆ ಕೂತು ಕಂಪ್ಯೂಟರಲ್ಲಿ ಒಂದು ಸೆಟಿಂಗ್ ಬದಲಾಯಿಸಿದ್ರೆ ಮುಗೀತು. ಡಿಸೈನ್ ಮಾಡಿದೋಳು ನಾನೇ ಅಲ್ವಾ?"

ಲಿಫ್ಟ್ ಕೆಟ್ಟು ಎಷ್ಟೋ ದಿನವಾಗಿತ್ತು. ಅಷ್ಟು ದಿನವೂ ಅವಳು ಮೆಟ್ಟಿಲಿಳಿದೇ ಬಂದಿದ್ದಳು. ಅದು ತಲೆಗೆ ಹೋಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೋದಮೇಲೆ ಖುಷಿ ತಡೆಯಲಾಗಲಿಲ್ಲ.

"ಹಾಗಾದ್ರೆ ಹೋಗ್ಬೇಡಿ. ನೀವಂದ್ರೆ ನಂಗೆ ತುಂಬಾ ಇಷ್ಟ."

"ಟ್ರಾನ್ಸ್‌ಫರ್ ಬೇಡ ಅಂತ ಬೆಳಗ್ಗೆನೇ ಸಾಹೇಬ್ರಿಗೆ ಹೇಳಿದೆ. ಕಾರಣ ಏನಮ್ಮ ಅಂದ್ರು. ಕಾರಣ ಇನ್ನೂ ಬಾಯಿ ಬಿಟ್ಟಿಲ್ಲ ಸರ್, ಸಂಜೆವರೆಗೆ ಟೈಮ್ ಕೊಡಿ ಅಂದೆ."

"ಈಗ ಬಿಟ್ಟೆನಲ್ಲ. ಬನ್ನಿ, ಸಾಹೇಬ್ರಿಗೆ ನಾನೇ ಹೇಳ್ತೀನಿ."

"ಸಾಹೇಬ್ರಿಗೆ ನಾನು ಹೇಳ್ಕೋತೀನಿ. ನಮ್ಮಪ್ಪಂಗೆ ನೀವು ಹೇಳಿ."

ಅವನು ಸ್ಟೂಲ್ ಎಳೆದುಕೊಂಡು ಕುಳಿತೇಬಿಟ್ಟ. ಅವಳು ನಗುತ್ತಾ ಇನ್ನೊಂದು ಸ್ಟೂಲ್ ತಂದು ಪಕ್ಕದಲ್ಲೇ ಕುಳಿತು, ಅಪ್ಪನ ಮುಂದೆ ಏನು ಹೇಳಬೇಕೆಂದು ಹೇಳಿಕೊಡತೊಡಗಿದಳು.