ಕೆಂಪು ರಿಬ್ಬನ್ ಕಟ್ಟಿದ ಗಿಡಗಳು

"ಗಾನವಿ ಹೆಸರಿನ ಚೀಟಿ ಯಾರಿಗೆ ಬಂದಿದೆ?"

ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಮೂವತ್ತರ ಆಸುಪಾಸು, ಮಡಚಿದ ತೋಳಿನ ಖಾಕಿ ಅಂಗಿ, ಬೂಟಿನ ಅಂಚಿಗೆ ಒಣಗಿದ ಮಣ್ಣು.

"ನನಗೆ ಮೇಡಂ. ನಂದನ್ ಅಂತ. ಬಣಕಲ್ ಕಡೆಯವನು."

ಗಾನವಿ ತಟ್ಟನೆ ಹಿಂದೆ ತಿರುಗಿದಳು. ಆ ಧ್ವನಿ! ಎರಡು ವರ್ಷ ಆದರೂ ಮರೆಯೋ ಧ್ವನಿನಾ ಅದು?

"ನೀವಾ?!"

"ನಾನೇ."

ಇಡೀ ಹಾಲ್ ತಿರುಗಿ ನೋಡಿತು.

ಮೂಡಿಗೆರೆ ಊರಾಚೆಯ ಸಂಶೋಧನಾ ಕೇಂದ್ರದಲ್ಲಿ ಅವತ್ತು ಇಪ್ಪತ್ತು ಜನ ಪಿಎಚ್.ಡಿ. ವಿದ್ಯಾರ್ಥಿಗಳು ಸೇರಿದ್ದರು. ಇವರಿಗೆ ಸಂಶೋಧನೆ ಮಾಡೋಕೆ ಬರುತ್ತೆ, ಅದನ್ನು ನಾಲ್ಕು ಜನಕ್ಕೆ ಹೇಳೋಕೆ ಬರಲ್ಲ ಅಂತ ಯಾರೋ ದೊಡ್ಡವರಿಗೆ ಹೊಳೆದು ಶುರುವಾದ ನಾಲ್ಕು ದಿನದ ಕೌಶಲ್ಯ ತರಬೇತಿ ಅದು. ನಡೆಸುತ್ತಿದ್ದವರು ಪ್ರೊಫೆಸರ್ ಶಾಂತಕುಮಾರಿ. ಹೆಸರಲ್ಲಿರೋ ಶಾಂತಿ ಅವರ ಹತ್ತಿರ ಎಲ್ಲೂ ಇರಲಿಲ್ಲ ಬಿಡಿ!

"ನಿಮ್ಮ ಹೆಸರಿನ ಚೀಟಿ ಎತ್ತಿದ ಬೆಳೆಗಾರರೇ ನಿಮ್ಮ ಕೇಳುಗರು. ನಾಲ್ಕನೇ ದಿನ ನಿಮ್ಮ ಸಂಶೋಧನೆ ಅವರಿಗೆ ಅರ್ಥ ಆಗಬೇಕು. 'ಅರ್ಥ ಆಗ್ಲಿಲ್ಲ' ಅಂದ್ರೆ ಸರ್ಟಿಫಿಕೇಟ್ ಇಲ್ಲ, ಮುಗೀತು."

ಗಾನವಿಗೆ ಆ ಸರ್ಟಿಫಿಕೇಟ್ ಬೇಕೇ ಬೇಕಿತ್ತು. ಅವಳ ನೋಂದಣಿಯ ಆರು ವರ್ಷ ಈ ತಿಂಗಳಿಗೆ ಮುಗಿಯುತ್ತೆ. ಅವಧಿ ವಿಸ್ತರಣೆಯ ಅರ್ಜಿ ಇದೇ ಶಾಂತಕುಮಾರಿಯವರ ಮೇಜಿನ ಮೇಲಿದೆ. ಅವರು ಶಿಫಾರಸು ಬರೆದರೆ ಉಂಟು, ಇಲ್ಲದಿದ್ದರೆ ಆರು ವರ್ಷದ ದುಡಿಮೆ ಮಣ್ಣುಪಾಲು.

"ಮೇಡಂ, ನನಗೆ ಬೇರೆಯವರನ್ನ ಕೊಡಿ... ಪ್ಲೀಸ್!"

"ಕೇಳೋರನ್ನ ಆರಿಸ್ಕೊಳ್ಳೋ ಸೌಕರ್ಯ ಯಾರಿಗೂ ಇಲ್ಲಮ್ಮ. ಕೂತ್ಕೋ."

ಕೂತಳು.

ಪಕ್ಕದಲ್ಲಿದ್ದ ಗೆಳತಿ ಶಿಲ್ಪಾ ಪಿಸುಗುಟ್ಟಿದಳು. "ಯಾರೇ ಅದು?"

"ನನ್ನ ಗಿಡಗಳನ್ನ ಸುಟ್ಟೋನು!"

ಬೋರರ್ ಹುಳ ಕಾಫಿ ಗಿಡದ ಕಾಂಡ ಕೊರೆದು ಒಳಗೊಳಗೇ ಗಿಡವನ್ನು ಮುಗಿಸಿಬಿಡುತ್ತೆ. ಔಷಧಿಯೇ ಇಲ್ಲದೆ ಅದನ್ನು ತಡೆದುಕೊಳ್ಳುವ ಗಿಡ ಯಾವುದಾದರೂ ಇದೆಯಾ? ಅದೇ ಗಾನವಿಯ ಸಂಶೋಧನೆ. ನಂದನ್ ತಂದೆ ಸುಬ್ಬಣ್ಣ ಗೌಡರ ಎಸ್ಟೇಟಿನಲ್ಲಿ ಅರವತ್ತು ಗಿಡ ಆರಿಸಿ, ರಿಬ್ಬನ್ ಕಟ್ಟಿ, ಮೂರು ವರ್ಷ ಕಳಸದ ಮನೆಗಿಂತ ಹೆಚ್ಚು ಆ ತೋಟದಲ್ಲೇ ಇದ್ದಳು. ಆಮೇಲೆ ಗೌಡರಿಗೆ ಮಂಡಿ ಆಪರೇಷನ್ ಆಯ್ತು, ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದ ಮಗ ಬಂದು ತೋಟ ವಹಿಸಿಕೊಂಡ. ತಿಂಗಳಾಗಿರಲಿಲ್ಲ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ ಸುದ್ದಿ ಹೇಳಿದ್ದರು. ಗಿಡ ಕಿತ್ತು ಸುಟ್ಟಾಯ್ತಂತೆ!

ಅವಳು ಅಳುತ್ತಾ ಮಾಲೀಕನಿಗೇ ಫೋನ್ ಹಚ್ಚಿದ್ದಳು. ಆ ಕಡೆಯಿಂದ ಬಂದದ್ದು ಇಷ್ಟೇ.

"ನಾನೇ ಕೀಳಿಸಿದ್ದು ಮೇಡಂ. ತಪ್ಪಾಯ್ತು."

ಬಾಯಿಗೆ ಬಂದಂತೆ ಬೈದು, ನಂಬರ್ ಬ್ಲಾಕ್ ಮಾಡಿ, ಆ ತೋಟದ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಹುಡುಗಿ ಸ್ವಲ್ಪ ಮುಂಗೋಪಿ, ಒಪ್ಪಿಕೊಳ್ಳೋಣ. ಆದರೆ ಮೂರು ವರ್ಷ ಬೂದಿಯಾದರೆ ನೀವಾದರೂ ಸುಮ್ಮನಿರುತ್ತಿದ್ದಿರಾ?

ಎರಡನೇ ದಿನ ಅಭ್ಯಾಸ. ಎದುರುಬದುರು ಎರಡು ಕುರ್ಚಿ. ಗಾನವಿ ಅವನ ಮುಖ ನೋಡದೆ ಗಡಗಡ ಒದರಿದಳು.

"ಅರ್ಥ ಆಗ್ಲಿಲ್ಲ ಮೇಡಂ" ಅಂದ ನಂದನ್.

ಇನ್ನೊಂದು ಸಲ ಹೇಳಿದಳು.

"ಅರ್ಥ ಆಗ್ಲಿಲ್ಲ."

ಬೇಕಂತಲೇ ಆಟ ಆಡಿಸ್ತಿದ್ದಾನೆ! ಗಿಡ ಸುಟ್ಟಿದ್ದು ಸಾಲದು ಅಂತ ಈಗ ನನ್ನನ್ನೂ...

"ನಿಮಗೆ ಏನು ಬೇಕು ಹೇಳಿ ನಂದನ್ ಅವ್ರೇ! ನಾನು ಫೇಲ್ ಆಗಬೇಕಾ?"

"ಅಯ್ಯೋ, ಹಾಗಲ್ಲ ಮೇಡಂ." ಅವನ ದನಿ ಮೆತ್ತಗಿತ್ತು. "ನೀವು ಹೇಳಿದ್ದನ್ನ ನಾನು ಹೋಗಿ ಅಂಜನಮ್ಮನಿಗೆ ಹೇಳೋ ಹಾಗಿರ್ಬೇಕು. ಅಷ್ಟೇ."

"ಅಂಜನಮ್ಮ ಯಾರು?"

ನಂದನ್ ಒಂದು ಕ್ಷಣ ಅವಳನ್ನೇ ನೋಡಿದ. ಮೊದಲ ಸಲ ಆ ಕಣ್ಣಲ್ಲಿ ಬೇಸರ ಕಂಡಿತು.

"ಮೂರು ವರ್ಷ ನಿಮ್ಮ ಚೀಲ ಹೊತ್ತುಕೊಂಡು ಹಿಂದೆ ಬರ್ತಿದ್ರಲ್ಲ... ಅವರು."

ಗಾನವಿಗೆ ಚುರ್ ಅಂತು. ತಲೆಗೆ ಟವೆಲ್ ಸುತ್ತಿದ, ಹಲ್ಲು ಸ್ವಲ್ಪ ಮುಂದಿರೋ ಆ ಹೆಂಗಸು! ಮುಖ ನೆನಪಿತ್ತು. ಹೆಸರು ಮಾತ್ರ ಯಾವತ್ತೂ ಕೇಳಿರಲಿಲ್ಲ.

ಆದರೂ ಸಿಟ್ಟು ಇಳಿಯಲಿಲ್ಲ. ಇಳಿಯೋಕೆ ಅವಳು ಬಿಡಲಿಲ್ಲ ಅನ್ನೋದೇ ಸರಿ.

ಮೂರನೇ ದಿನ ಒಬ್ಬೊಬ್ಬರೂ ತಮ್ಮ ಸಂಶೋಧನೆ ಎಲ್ಲಿ ಕೈಕೊಟ್ಟಿತು ಅಂತ ಎಲ್ಲರೆದುರು ಹೇಳಬೇಕಿತ್ತು. ಗಾನವಿಯ ಸರದಿ ಬಂತು.

"ನನ್ನ ಮೂರು ವರ್ಷ ಒಬ್ಬ ಪ್ಲಾಂಟರ್ ದರ್ಪದಿಂದ ಹಾಳಾಯ್ತು. ವಿಸ್ತರಣೆ ಅರ್ಜಿಯಲ್ಲೂ ಹಾಗೇ ಬರೆದಿದ್ದೀನಿ. ಅವರಿಗೆ ಅದು ಬರೀ ಗಿಡ, ನನಗೆ ಜೀವನ." ಹಿಂದಿನ ಸಾಲಿನತ್ತ ಬೆರಳು ಮಾಡಿದಳು. "ಅವರು ಇಲ್ಲೇ ಕೂತಿದ್ದಾರೆ!"

ಕುರ್ಚಿ ಸರಿದ ಸದ್ದಾಯಿತು.

ನಂದನ್ ನಿಧಾನಕ್ಕೆ ಎದ್ದ. ಮುಖ ಬಿಳುಚಿಕೊಂಡಿತ್ತು. "ಹೌದು. ತಪ್ಪು ನನ್ನದೇ" ಅಂದವನು ಕೈ ಮುಗಿದು ಹೊರಗೆ ನಡೆದುಬಿಟ್ಟ. ಅಂಗಳದಲ್ಲಿ ಜೀಪ್ ಸ್ಟಾರ್ಟ್ ಆದ ಸದ್ದು ಕೇಳಿತು.

ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ.

ಶಾಂತಕುಮಾರಿ ಕನ್ನಡಕ ತೆಗೆದು ಒಂದೇ ಒಂದು ಪ್ರಶ್ನೆ ಕೇಳಿದರು. "ಗಿಡಗಳಿಗೆ ಏನು ಗುರುತು ಹಾಕಿದ್ದೆ?"

"ಬೋರ್ಡ್ ಇತ್ತು ಮೇಡಂ... ಆ ಮಳೆಗಾಲ ಗಾಳಿಗೆ ಬಿದ್ದುಹೋಯ್ತಂತೆ. ಆದ್ರೆ ಒಂದೊಂದು ಗಿಡಕ್ಕೂ ರಿಬ್ಬನ್ ಕಟ್ಟಿದ್ದೆ."

"ಯಾವ ಬಣ್ಣ?"

"ಕೆಂಪು."

ಹಿಂದೆ ಕೂತಿದ್ದ ಬಿಳಿ ಮೀಸೆಯ ಬೆಳೆಗಾರರೊಬ್ಬರು ಹಣೆ ಚಚ್ಚಿಕೊಂಡರು. "ಅಯ್ಯೋ ಮಗಳೇ! ಎಂಥ ಕೆಲಸ ಮಾಡ್ದೆ ಮಾರಾಯ್ತಿ! ಸೆಪ್ಟೆಂಬರ್ ಬಂತು ಅಂದ್ರೆ ನಾವು ಸಾಲು ಸಾಲು ಬೋರರ್ ಹುಡುಕ್ತೀವಿ. ಹುಳ ಬಿದ್ದ ಗಿಡಕ್ಕೆ ಕೆಂಪು ಗುರುತು. ನಮ್ಮ ಕಡೆ ಕೆಂಪು ಅಂದ್ರೆ ಕಿತ್ತು ಸುಡು ಅಂತ!"

ಗಾನವಿ ಹತ್ತಿರದ ಕುರ್ಚಿ ಎಳೆದು ಕೂತಳು.

ಗಿಡ ಕಿತ್ತು ಸುಡಬೇಕು ಅಂತ ಪುಸ್ತಕದಲ್ಲಿ ಓದಿದ್ದಳು. ಯಾವ ಬಣ್ಣದ ಗುರುತು ಹಾಕ್ತಾರೆ ಅಂತ ಯಾವ ಪುಸ್ತಕವೂ ಹೇಳಿರಲಿಲ್ಲ. ಕಳಸದ ಅಡಿಕೆ ತೋಟದಲ್ಲಿ ಬೆಳೆದ ಹುಡುಗಿ, ಮೂಡಿಗೆರೆ ಅಂಗಡಿಯಲ್ಲಿ ಸಿಕ್ಕ ರಿಬ್ಬನ್ ತಂದು ಕಟ್ಟಿದ್ದಳು. ಸುಡಿ ಅಂತ ತಾನೇ ಬರೆದು ಬಂದ ಹಾಗೆ!

ಮತ್ತೆ ಅವನು ಯಾಕೆ ಒಂದು ಮಾತೂ ಹೇಳಲಿಲ್ಲ?

ಊಟಕ್ಕೂ ನಿಲ್ಲದೆ ಬಣಕಲ್ ಬಸ್ಸು ಹತ್ತಿದಳು. ಹೆದ್ದಾರಿಯಿಂದ ಎಸ್ಟೇಟ್ ರಸ್ತೆಯಲ್ಲಿ ನಡೆದು ಹೋದರೆ ಮೊದಲು ಸಿಕ್ಕಿದ್ದೇ ಅಂಜನಮ್ಮ. ಕಾಫಿ ಗಿಡದ ಕಾಂಡ ಸವರಿ ನೋಡುತ್ತಿದ್ದವರು ಇವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಗಾನವಮ್ಮ... ಬಂದ್ರಾ?"

ಇವರಿಗೆ ನನ್ನ ಹೆಸರು ಗೊತ್ತು!

"ಅಂಜನಮ್ಮ, ಅವತ್ತು ಗಿಡ ಕಿತ್ತಿದ್ದು ಯಾರು?"

ಹೆಂಗಸಿನ ಕಣ್ಣು ತುಂಬಿತು. "ನಾನೇ ಕಣಮ್ಮ. ಕೆಂಪು ಕಂಡೆ, ಬೋರ್ಡಿರ್ಲಿಲ್ಲ, ನಿಮ್ಮ ಕೆಲಸ ಮುಗೀತೇನೋ ಅಂದ್ಕೊಂಡು ಕಿತ್ತೆ. ಮೂವತ್ತೆಂಟು ಕಿತ್ತಿದ್ದೆ, ಸಣ್ಣಯ್ಯ ಓಡಿ ಬಂದ್ರು. ದೊಡ್ಡ ಗೌಡ್ರು ಅವತ್ತೇ ನನ್ನ ಕೆಲಸ ಬಿಡಿಸ್ತಿದ್ರು. 'ನಾನೇ ಕೀಳೋಕೆ ಹೇಳಿದ್ದು' ಅಂತ ಸಣ್ಣಯ್ಯ ಅಡ್ಡ ನಿಂತ್ರು. ಅಷ್ಟೊತ್ತಿಗೆ ನಿಮ್ಮ ಫೋನ್ ಬಂತು..."

ಹಾಗಾದ್ರೆ ಅರವತ್ತೂ ಸುಡಲಿಲ್ವಾ?

ಅಂಜನಮ್ಮ ಕೈ ಹಿಡಿದು ಕರೆದೊಯ್ದರು. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳ ಆಚೆ, ಹುಳ ಹೊರಗೆ ಹಾರದಂತೆ ಸುತ್ತ ಬಲೆ ಕಟ್ಟಿದ ಒಂದು ತುಂಡು ಜಾಗ. ಒಳಗೆ ಉಳಿದ ಇಪ್ಪತ್ತೆರಡು ಗಿಡ. ಒಂದೊಂದಕ್ಕೂ ನೀಲಿ ರಿಬ್ಬನ್. ಗಿಡಗಳ ನಡುವೆ ಮೊಣಕಾಲೂರಿ, ಕಾಂಡದ ಫೋಟೋ ತೆಗೆಯುತ್ತಿದ್ದವನು ನಂದನ್.

ಅವಳನ್ನು ನೋಡಿ ಎದ್ದು ನಿಂತ. ಅಂಜನಮ್ಮ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು.

"ನನಗ್ಯಾಕೆ ಹೇಳಲಿಲ್ಲ?" ಗಾನವಿ ಕಿರುಚಿದಳೋ ಅತ್ತಳೋ, ಅವಳಿಗೇ ತಿಳಿಯಲಿಲ್ಲ.

"ಏಳು ಸಲ ಫೋನ್ ಮಾಡ್ದೆ. ಬ್ಲಾಕ್ ಮಾಡಿದ್ರಿ."

"ಕಾಲೇಜಿಗೆ ಬರಬಹುದಿತ್ತು!"

"ಬಂದಿದ್ದೆ. ಗೇಟಿನ ತನಕ." ಅವನು ತಲೆ ತಗ್ಗಿಸಿದ. "ಅಷ್ಟು ಅಳ್ತಿದ್ರಿ ಫೋನಲ್ಲಿ... ಅಂಥವರ ಎದುರು ನಿಂತು 'ತಪ್ಪು ನಿಮ್ಮದೇ' ಅಂತ ಹೇಗೆ ಹೇಳೋದು? ವಾಪಸ್ ಬಂದೆ. ಉಳಿದ ಗಿಡ ಆದ್ರೂ ಉಳಿಸೋಣ ಅಂತ ಪ್ರತಿ ತಿಂಗಳು ಫೋಟೋ ತೆಗೆದೆ. ಒಂಬತ್ತು ಸತ್ತವು. ಹದಿಮೂರು ಇನ್ನೂ ಗಟ್ಟಿಯಾಗಿವೆ ಮೇಡಂ. ಒಂದು ತೊಟ್ಟು ಔಷಧಿ ಹಾಕಿಲ್ಲ."

ಹದಿಮೂರು! ಆರು ವರ್ಷದಿಂದ ಅವಳು ಹುಡುಕುತ್ತಿದ್ದ ಉತ್ತರ ಇಲ್ಲೇ ನಿಂತಿತ್ತು. ಅವಳು ಬೈದ ಮನುಷ್ಯ ಅದನ್ನು ಕಾದುಕೊಂಡು ಕೂತಿದ್ದ.

ಆದರೆ ಮರುಕ್ಷಣವೇ ಅರ್ಜಿ ನೆನಪಾಯಿತು. ಬೇರೆಯವರಿಂದ ಆದ ನಷ್ಟಕ್ಕೆ ಮಾತ್ರ ಅವಧಿ ವಿಸ್ತರಣೆ. ತಪ್ಪು ತನ್ನದೇ ಅಂತ ಒಪ್ಪಿಕೊಂಡರೆ ಅರ್ಜಿಯೇ ಬಿದ್ದುಹೋಗುತ್ತೆ.

ಅರ್ಜಿಯ ಮಾತನ್ನು ಹಾಲ್‌ನಲ್ಲಿ ಕೇಳಿದ್ದ ನಂದನ್‌ಗೂ ಅದು ಹೊಳೆಯಿತು.

"ತಪ್ಪು ನನ್ನ ಹೆಸರಲ್ಲೇ ಇರ್ಲಿ ಬಿಡಿ. ನನಗೇನೂ ಹೋಗಲ್ಲ. ನಾಳೆ ಅರ್ಥ ಆಯ್ತು ಅಂದುಬಿಡ್ತೀನಿ, ನಿಮ್ಮ ಕೆಲಸ ಆಗ್ಲಿ."

ಗಾನವಿ ಕಣ್ಣೊರೆಸಿಕೊಂಡಳು. "ಅರ್ಥ ಆಗದೆ ಅರ್ಥ ಆಯ್ತು ಅಂದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ ನಾನು!"

ಆ ರಾತ್ರಿ ಹಾಸ್ಟೆಲಿನಲ್ಲಿ ಅವಳಿಗೆ ನಿದ್ದೆ ಹತ್ತಲಿಲ್ಲ ಅಂತ ಬೇರೆ ಹೇಳಬೇಕಾ?

ನಾಲ್ಕನೇ ದಿನ. ಗಾನವಿ ಒಳಗೆ ಬಂದಾಗ ಅವಳ ಕೈ ಹಿಡಿದು ಅಂಜನಮ್ಮ ಇದ್ದರು. ತಲೆಗೆ ಟವೆಲ್ ಇಲ್ಲ, ಹಬ್ಬದ ಸೀರೆ. ಮುಂದಿನ ಸಾಲಿನಲ್ಲಿ ನಂದನ್ ಪಕ್ಕದಲ್ಲೇ ಕೂರಿಸಿದಳು. ಪರದೆ ಹಾಕಲಿಲ್ಲ, ಚಿತ್ರ ತೋರಿಸಲಿಲ್ಲ.

"ಅಂಜನಮ್ಮ, ನಿಮ್ಮ ಹತ್ರ ಅರವತ್ತು ಗಿಡ ಇದೆ ಅಂದ್ಕೊಳ್ಳಿ. ಎಲ್ಲದಕ್ಕೂ ಬೋರರ್ ಬರುತ್ತೆ. ಆದ್ರೆ ಕೆಲವು ಸಾಯ್ತವೆ, ಕೆಲವು ಸಾಯಲ್ಲ. ಯಾಕೆ? ಆ ಸಾಯದ ಗಿಡ ಸಿಕ್ಕಿದ್ರೆ ಅದರ ಬೀಜದಿಂದಲೇ ಸಸಿ ಮಾಡಬಹುದು, ಔಷಧಿ ಹೊಡೆಯೋ ಕೆಲಸ ಇಲ್ಲ. ಅದಕ್ಕೇ ನಾನು ಹುಳ ಬಿದ್ದರೂ ಮುಟ್ಟದೆ ಬಿಟ್ಟು ನೋಡ್ತಿದ್ದೆ." ಉಸಿರು ಎಳೆದುಕೊಂಡಳು. "ಅದನ್ನ ನಿಮಗೆ ಹೇಳಬೇಕಿತ್ತು. ಮೂರು ವರ್ಷ ಜೊತೆಗಿದ್ದೆ, ಒಂದು ದಿನವೂ ಹೇಳಲಿಲ್ಲ. ನಿಮ್ಮ ಹೆಸರೂ ಕೇಳಲಿಲ್ಲ. ಕೆಂಪು ರಿಬ್ಬನ್ ಕಟ್ಟಿದ್ದು ನಾನು. ತಪ್ಪು ಇವರದ್ದಲ್ಲ, ನಿಮ್ಮದೂ ಅಲ್ಲ. ನನ್ನದು. ಆ ಗಿಡಗಳಲ್ಲಿ ಹದಿಮೂರು ಇನ್ನೂ ಬದುಕಿವೆ, ಉಳಿಸಿದ್ದು ನಂದನ್ ಅವ್ರು. ಅರ್ಜಿಯಲ್ಲಿ ಬರೆದಿದ್ದು ಸುಳ್ಳು ಮೇಡಂ, ವಾಪಸ್ ತಗೋತೀನಿ."

ಶಿಲ್ಪಾ ಬಾಯಿಗೆ ಕೈ ಇಟ್ಟುಕೊಂಡಳು. ಇವಳಿಗೆ ಹುಚ್ಚಾ?

ಶಾಂತಕುಮಾರಿ ಮುಖದಲ್ಲಿ ಏನೂ ಕಾಣಲಿಲ್ಲ. "ಕೇಳುಗರು ಏನಂತೀರಿ?"

ನಂದನ್ ಪಕ್ಕಕ್ಕೆ ಕೈ ತೋರಿಸಿದ. "ನನ್ನನ್ನಲ್ಲ ಮೇಡಂ. ಅಂಜನಮ್ಮನ್ನ ಕೇಳಿ."

ಅಂಜನಮ್ಮ ಸೆರಗು ಹಿಡಿದು ಎದ್ದರು. "ಅರ್ಥ ಆಯ್ತು ಕಣಮ್ಮ. ಅವತ್ತೇ ಹಿಂಗೆ ಹೇಳಿದ್ರೆ, ಒಂದು ಗಿಡಾನೂ ಮುಟ್ಟೋಕೆ ಯಾರನ್ನೂ ಬಿಡ್ತಿರ್ಲಿಲ್ಲ ನಾನು."

ಗಾನವಿ ಅಲ್ಲೇ, ಎಲ್ಲರೆದುರು ಅತ್ತುಬಿಟ್ಟಳು.

ಶಾಂತಕುಮಾರಿ ಹಳೇ ಅರ್ಜಿಯನ್ನು ಎರಡು ಹೋಳು ಮಾಡಿದರು.

"ನಷ್ಟ ಆಯ್ತು ಅಂತ ವಿಸ್ತರಣೆ ಕೇಳೋ ಹಾಗಿಲ್ಲ. ಹದಿಮೂರು ಗಿಡ ಬದುಕಿವೆ ಅಂದ್ರೆ ಪ್ರಯೋಗ ಇನ್ನೂ ನಡೀತಿದೆ. ಹಾಗಂತ ಬರೆದು ಒಂದು ವರ್ಷ ಕೇಳ್ತೀನಿ. ನಾನು ಬರೆದಿದ್ದನ್ನ ಇದುವರೆಗೆ ಯಾರೂ ತಳ್ಳಿಲ್ಲ. ಹೋಗು, ಮೂಗು ಒರೆಸ್ಕೋ."

ಸಂಜೆ ಎಲ್ಲರೂ ಹೊರಟರು. ಜೀಪಿನ ಹತ್ತಿರ ನಂದನ್ ನಿಂತಿದ್ದ. ಬಿಳಿ ಮೀಸೆಯವರು ಹಾದುಹೋಗುತ್ತಾ ಕಣ್ಣು ಮಿಟುಕಿಸಿದರು. "ಮಗಳೇ, ನಿನ್ನ ಚೀಟಿ ಬಂದಿದ್ದು ನನಗೆ. ಈ ಮಾರಾಯ ಗೋಗರೆದು ಇಸ್ಕೊಂಡ!"

ನಂದನ್ ಕಿವಿ ಕೆಂಪಾಯಿತು.

"ಯಾಕೆ?" ಅಂದಳು ಗಾನವಿ.

"ಎರಡು ವರ್ಷ ನಿಮ್ಮ ಗಿಡದ ಜೊತೆ ಮಾತಾಡಿ ಸಾಕಾಗಿತ್ತು. ಒಂದ್ಸಲ ನಿಮ್ಮ ಮಾತು ಕೇಳೋಣ ಅನಿಸ್ತು. ಬೈದ್ರೂ ಪರವಾಗಿಲ್ಲ ಅಂತ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನಿಮ್ಮ ತೋಟದಲ್ಲಿ ನೀಲಿ ರಿಬ್ಬನ್‌ಗೆ ಏನರ್ಥ?"

"ಯಾರೂ ಮುಟ್ಟಬೇಡಿ, ಇದು ಗಾನವಿ ಅವ್ರದ್ದು ಅಂತ."

ಅವಳು ಚೀಲದಿಂದ ಒಂದು ತುಂಡು ನೀಲಿ ರಿಬ್ಬನ್ ತೆಗೆದಳು. ತೋಟದಲ್ಲಿ ಸತ್ತಿದ್ದ ಗಿಡವೊಂದರಿಂದ ನಿನ್ನೆ ಬಿಚ್ಚಿಕೊಂಡು ಬಂದದ್ದು. ಅವನ ಮಣಿಕಟ್ಟು ಹಿಡಿದು ಕಟ್ಟಿ, ಎರಡು ಗಂಟು ಹಾಕಿದಳು.

"ಹಾಗಾದ್ರೆ ಇಲ್ಲೂ ಇರ್ಲಿ."

ನಂದನ್ ಆ ಗಂಟನ್ನೇ ನೋಡಿದ. ಆಮೇಲೆ ನಿಧಾನಕ್ಕೆ ನಕ್ಕ.

"ಅರ್ಥ ಆಗ್ಲಿಲ್ಲ ಮೇಡಂ."

"ನೀವಂದ್ರೆ ನನಗೆ ಇಷ್ಟ. ಆಯ್ತಾ? ಇನ್ಮೇಲೆ ಮೇಡಂ ಅನ್ನಬಾರದು."

"ಅರ್ಥ ಆಗ್ಲಿಲ್ಲ ಗಾನವಿ... ಇನ್ನೊಂದ್ಸಲ ಹೇಳಿ."

ಅವಳು ಮತ್ತೆ ಹೇಳಿದಳು. ಈ ಸಲ ಅವನ ಮುಖ ನೋಡಿಕೊಂಡು, ನಿಧಾನವಾಗಿ.